ಅಂಗಾರೋ ಮಿಸ್ತ್ರಿಯ ಒಣದೋಣಿ

ಅಂಗಾರೋ ಮಿಸ್ತ್ರಿಯ ಮೇಲೆ ಕೇಸು ಹಾಕಿದ್ದಾರೆ. ಸರ್ಕಾರದ ದೋಣಿಯನ್ನು ಬೇಕೆಂದೇ ಮುಳುಗಿಸಿದನಂತೆ. ಐವತ್ತು ವರ್ಷ ದೋಣಿ ಕಟ್ಟಿದವನು ದೋಣಿ ಮುಳುಗಿಸಿದ ಎಂದು ಬರೆಯಲು ಆ ಗುಮಾಸ್ತನಿಗೆ ಮನಸ್ಸಾದರೂ ಹೇಗೆ ಬಂತೋ! ಆ ಕಾಗದದಲ್ಲಿ ಇರುವುದೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಮಿಸ್ತ್ರಿಯ ಹೆಸರು ಸರಿಯಾಗಿದೆ, ಅವನಪ್ಪನ ಹೆಸರೂ ಸರಿಯಾಗಿದೆ. ಉಳಿದದ್ದನ್ನು ನಾನು ಹೇಳುತ್ತೇನೆ, ಕೇಳಿ.

ನಾನು ವಸಾಯೋ. ಕೆರೆಯ ಏರಿಯ ಮೇಲೆ ನನ್ನದೊಂದು ಚಹಾ ಅಂಗಡಿ ಇತ್ತು. ಎಂಟನೆಯ ತರಗತಿವರೆಗೆ ಓದಿದ್ದೇನೆ. ಆದ್ದರಿಂದ ಊರವರ ಕಾಗದಪತ್ರ ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು.

ನಾವು ಮುಹಾಣಾ ಜನ, ಸಿಂಧ್ ಸೀಮೆಯ ಅಂಬಿಗರು. ಈ ಕೆರೆಯ ನೀರಿನ ಮೇಲೆ ಹುಟ್ಟಿ, ನೀರಿನ ಮೇಲೆ ಮದುವೆಯಾಗಿ, ಸತ್ತ ಮೇಲೆ ಮಾತ್ರ ನೆಲಕ್ಕೆ ಹೋಗುತ್ತಿದ್ದವರು. ನಮ್ಮಲ್ಲಿ ಮಗು ಹುಟ್ಟಿದ ವಾರವೇ ಎಷ್ಟೋ ಜನರಿಗೆ ಹೆಸರು. ಸೋಮವಾರ ಹುಟ್ಟಿದರೆ ಸೂಮರ್, ಗುರುವಾರ ಹುಟ್ಟಿದರೆ ಖಮೀಸೋ. ಮಂಗಳವಾರ ಹುಟ್ಟಿದ್ದಕ್ಕೆ ಇವನು ಅಂಗಾರೋ. ಹುಟ್ಟಿದ ಇಸವಿ ಕೇಳಿದರೆ ನಮ್ಮವರು ಆಕಾಶ ನೋಡುತ್ತಾರೆ. ವಾರ ಕೇಳಿ, ಯಾರೂ ತಪ್ಪುವುದಿಲ್ಲ.

ದೋಣಿ ಕಟ್ಟಿಸಲು ಬಂದವನಿಗೆ ಅಂಗಾರೋ ಚಾಚಾ ಉದ್ದ ಅಗಲ ಕೇಳುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಜನ, ಯಾರು ಯಾರ ಪಕ್ಕ ಮಲಗುತ್ತಾರೆ, ಅತ್ತೆ ಸೊಸೆಗೆ ಹೇಗಿದೆ, ಇದೆಲ್ಲ ಕೇಳುತ್ತಿದ್ದ. ಹೆಣ್ಣು ಕೊಡುವವರೂ ಅಷ್ಟು ವಿಚಾರಿಸುವುದಿಲ್ಲ. ಆಮೇಲೆ ಮನೆಮಂದಿಯನ್ನೆಲ್ಲ ಮರಳಿನ ಮೇಲೆ ಸಾಲಾಗಿ ಮಲಗಿಸಿ, ಸುತ್ತ ಕಡ್ಡಿಯಿಂದ ಗೀರು ಎಳೆಯುತ್ತಿದ್ದ. ಆ ಗೀರೇ ದೋಣಿಯ ಅಳತೆ. ಒಂದು ಮಗು ಹುಟ್ಟುವುದಿದ್ದರೆ ಅದಕ್ಕೂ ಒಂದು ಗೇಣು ಸೇರಿಸುತ್ತಿದ್ದ. ನಮ್ಮ ಅಮ್ಮನ ದೋಣಿಯಲ್ಲಿ ನಾನು ಹುಟ್ಟುವ ಮೊದಲೇ ನನಗೆ ಜಾಗವಿತ್ತು.

ಆಮೇಲೆ ಕೆರೆ ಸತ್ತಿತು. ತಾನಾಗಿ ಸಾಯಲಿಲ್ಲ. ಮೇಲಿನ ಸೀಮೆಯ ಹೊಲಗಳಿಂದ ಬಸಿಯುವ ಉಪ್ಪುನೀರನ್ನು, ಔಷಧಿ ಹೊಡೆದ ನೀರನ್ನು ಎಲ್ಲಿಗೆ ಬಿಡುವುದು ಎಂದು ದೊಡ್ಡವರು ಯೋಚಿಸಿದರು. ಸಮುದ್ರದವರೆಗೆ ಕಾಲುವೆ ತೋಡುವುದು ಖರ್ಚಿನ ಬಾಬು. ನಮ್ಮ ಕೆರೆ ಹತ್ತಿರವಿತ್ತು. ಅಷ್ಟೇ ಕಾರಣ. ಮೊದಲು ಮೀನು ಹೋದವು, ಆಮೇಲೆ ತಾವರೆ ಬೇರು, ಆಮೇಲೆ ಚಳಿಗಾಲದ ಹಕ್ಕಿಗಳು. ನೀರಿನ ಮೇಲೆ ಬದುಕುವ ಜನ ಡಬ್ಬದಲ್ಲಿ ನೀರು ಕೊಂಡು ಕುಡಿದೆವು. ಒಬ್ಬೊಬ್ಬರೇ ದೋಣಿ ಬಿಟ್ಟು ಏರಿಯ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ಗಂಡಸರು ಕರಾಚಿ ಬಂದರಿಗೆ ಸೀಗಡಿ ಸುಲಿಯಲು ಹೋದರು.

ದೋಣಿ ಕಟ್ಟುವವನಿಗೆ ದೋಣಿ ಒಡೆಯುವ ಕೆಲಸ ಬಂತು. ಜನ ತಮ್ಮ ದೋಣಿಗಳನ್ನು ಏರಿಯ ಮೇಲೆ ಎಳೆದು ತಂದು, "ಚಾಚಾ, ಒಂದು ಬಾಗಿಲು ಮಾಡಿಕೊಡು" ಎನ್ನುತ್ತಿದ್ದರು. ಅವನು ಬಾಚಿ ಎತ್ತುವ ಮೊದಲು ದೋಣಿಯ ಮೂತಿಯನ್ನು ಒಮ್ಮೆ ಸವರುತ್ತಿದ್ದ. ಜುಮೋನ ದೋಣಿಯ ಬೆನ್ನು ನನ್ನ ಅಂಗಡಿಯ ಬೆಂಚಾಯಿತು. ಖಮೀಸೋನ ದೋಣಿ ಮೂರು ಮನೆಗೆ ಬಾಗಿಲಾಯಿತು. ಯಾವ ಹಲಗೆ ಎಲ್ಲಿಂದ ಬಂತು ಎಂಬುದೆಲ್ಲ ಅವನಿಗೆ ನೆನಪಿತ್ತು. ನಮ್ಮ ಮನೆಗೆ ಬಂದರೆ ಕದ ತಟ್ಟುವ ಬದಲು ಅದನ್ನು ಮಾತಾಡಿಸುತ್ತಿದ್ದ.

ಒಡೆಯದೆ ಉಳಿಸಿಕೊಂಡದ್ದು ಒಂದೇ ದೋಣಿ, ಅವನದು. ಅವನು ಹುಟ್ಟಿದ್ದು ಅದರಲ್ಲಿ, ಮಗಳು ಭಾಗುಲ್ ಹುಟ್ಟಿದ್ದು ಅದರಲ್ಲಿ, ಹೆಂಡತಿ ಕಣ್ಣು ಮುಚ್ಚಿದ್ದೂ ಅದರಲ್ಲೇ. ಹನ್ನೆರಡು ವರ್ಷದಿಂದ ಏರಿಯ ಮೇಲೆ ಕಲ್ಲುಗಳ ಮೇಲೆ ಕೂತಿತ್ತು. ಪ್ರತಿ ಬೇಸಿಗೆಗೆ ಮುಂಚೆ ಅದಕ್ಕೆ ಸಾಸಿವೆ ಎಣ್ಣೆ ಉಜ್ಜುತ್ತಿದ್ದ. ಊರವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಮಾತ್ರ ಎಣ್ಣೆ ಉಜ್ಜಲಿಲ್ಲ. ಆ ವರ್ಷ ಇಸ್ಲಾಮಾಬಾದಿನಲ್ಲಿ ಕುರ್ಚಿಗಾಗಿ ಕಿತ್ತಾಟ. ಒಬ್ಬರು ಇಳಿದರು, ಇನ್ನೊಬ್ಬರು ಏರಿದರು. ಯಾರು ಏರಿದರೂ ನಮ್ಮ ಪಾಲಿಗೆ ಏರಿದ್ದು ಎಣ್ಣೆ, ಹಿಟ್ಟು, ಪೆಟ್ರೋಲು.

"ಏನು ಚಾಚಾ, ಈ ಸಲ ದೋಣಿಗೆ ಎಣ್ಣೆಸ್ನಾನ ಇಲ್ವಾ?" ಎಂದು ನಾನು ಕೇಳಿದೆ.

"ಇರೋ ಎಣ್ಣೆ ಒಗ್ಗರಣೆಗೇ ಸಾಲ್ದು ಕಣೋ. ಮಗಳು ಬಸುರಿ. ಅವಳಿಗೆ ಮೊದ್ಲು. ದೋಣಿ ಬಾಯಿಬಿಟ್ಟು ಕೇಳಲ್ಲ."

"ಕೇಳದೆ ಇರೋರಿಗೆ ಕೊಡಬಾರ್ದು ಅನ್ನೋದನ್ನ ನೀನೂ ಸರ್ಕಾರದಿಂದ ಕಲಿತೆ ಬಿಡು."

ಚಾಚಾ ಲೋಟದಲ್ಲಿ ಉಳಿದಿದ್ದ ಚಹಾದ ಗಸಿಯನ್ನು ನನ್ನ ಕಾಲಿಗೆ ಎರಚಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಆ ಬೇಸಿಗೆ ಹಿಂದೆಂದೂ ಕಾಣದ ಬೇಸಿಗೆ. ಮಧ್ಯಾಹ್ನ ಏರಿಯ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆ ಏಳುತ್ತಿತ್ತು. ಎಣ್ಣೆ ಕಾಣದ ದೋಣಿಯ ಹಲಗೆಗಳು ಕುಗ್ಗಿ, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟವು. ನಾವೆಲ್ಲ ಒಂದು ಹನಿ ಮಳೆಗೆ ಬೇಡಿಕೊಂಡೆವು. ದೇವರು ಕೇಳಿಸಿಕೊಂಡ, ಆದರೆ ಎಷ್ಟು ಎಂದು ಕೇಳಲು ಮರೆತ. ಶ್ರಾವಣದಲ್ಲಿ ಶುರುವಾದ ಮಳೆ ನಿಲ್ಲಲಿಲ್ಲ. ಬಲೂಚಿ ಬೆಟ್ಟಗಳ ನೀರೆಲ್ಲ ಕೆರೆಗೆ ನುಗ್ಗಿತು. ಕೆರೆ ಏರಿಯ ತುಟಿಯವರೆಗೆ ಬಂತು. ಏರಿಯ ಈಚೆಗೂ, ನಮ್ಮ ಊರಿನಿಂದ ಹೆದ್ದಾರಿವರೆಗಿನ ಎರಡು ಮೈಲಿ ತಗ್ಗಿನಲ್ಲಿ, ತೊಡೆಮಟ್ಟ ಮಳೆನೀರು, ಕೆಳಗೆ ಕೆಸರು.

ಬುಧವಾರ ಸಂಜೆ ಮಸೀದಿಯ ಧ್ವನಿವರ್ಧಕದಲ್ಲಿ ಕೂಗಿಸಿದರು. ಶಹರವನ್ನು ಉಳಿಸಲು ನಮ್ಮ ಕಡೆಯ ಏರಿಯನ್ನು ಕಡಿಯುತ್ತಾರಂತೆ. ಭಾನುವಾರ ಮಧ್ಯಾಹ್ನ. ಅಷ್ಟರೊಳಗೆ ಊರು ಖಾಲಿ ಮಾಡಬೇಕು, ಸರ್ಕಾರಿ ದೋಣಿಗಳು ಬರುತ್ತವೆ.

ಶಹರ ಮುಳುಗಲಿ ಎನ್ನುವವನು ನಾನಲ್ಲ. ಅಲ್ಲೂ ಮಕ್ಕಳಿದ್ದಾರೆ, ಮುದುಕರಿದ್ದಾರೆ. ಆದರೆ ಶಹರಕ್ಕೂ ಕೆರೆಗೂ ನಡುವೆ ನಮ್ಮ ಜಮೀನುದಾರ ವಡೇರೋ ನವಾಜ್ ಅಲಿಯ ಗದ್ದೆಗಳಿವೆ, ಮಾವಿನ ತೋಪು ಇದೆ. ಕಡಿಯುವ ಜಾಗ ಗುರುತು ಮಾಡಿದ ದಿನ ಸಾಹೇಬರು ಊಟ ಮಾಡಿದ್ದು ಅವನ ಮನೆಯಲ್ಲೇ. ಉಪ್ಪುನೀರು ಬಿಡಲು ನಾವೇ, ಪ್ರವಾಹ ಬಿಡಲೂ ನಾವೇ. ಎತ್ತಿಗೆ ಜ್ವರ ಬಂದಾಗಲೆಲ್ಲ ಎಮ್ಮೆಗೇ ಯಾಕೆ ಬರೆ?

ನಡೆಯಲು ಶಕ್ತಿ ಇದ್ದವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಗುರುವಾರವೇ ಹೊರಟರು. ಭಾಗುಲ್‌ಗೆ ಒಂಬತ್ತು ತಿಂಗಳು ತುಂಬಿತ್ತು. ಕಾಲು ಬೂದುಗುಂಬಳದಂತೆ ಊದಿದ್ದವು. ಗಂಡ ಸೂಮರ್ ಕರಾಚಿಯಲ್ಲಿ, ರಸ್ತೆಗಳು ಕೊಚ್ಚಿಹೋಗಿದ್ದರಿಂದ ಬರಲಾಗದೆ ಫೋನಿನಲ್ಲಿ ಅಳುತ್ತಿದ್ದ. ಎರಡು ಮೈಲಿ ಕೆಸರಿನಲ್ಲಿ ಅವಳು ನಡೆಯುವುದು ಆಗದ ಮಾತು. ಭಾನುವಾರದ ಮೊದಲು ಮಗಳನ್ನು ಹೆದ್ದಾರಿ ಮುಟ್ಟಿಸಬೇಕು, ಚಾಚಾನ ತಲೆಯಲ್ಲಿ ಇದ್ದದ್ದು ಇದೊಂದೇ.

ಒಣಗಿದ ದೋಣಿಯನ್ನು ಹಾಗೇ ನೀರಿಗೆ ಬಿಟ್ಟರೆ ಸಂದುಸಂದಿನಿಂದ ನೀರು ಚಿಮ್ಮುತ್ತದೆ. ಮೊದಲು ಅದನ್ನು ಕಲ್ಲು ಹೇರಿ ಪೂರ್ತಿ ಮುಳುಗಿಸಬೇಕು. ಎರಡು ಹಗಲು, ಎರಡು ರಾತ್ರಿ. ಹಲಗೆಗಳು ಊದಿ ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡ ಮೇಲೆ ಕಲ್ಲು ತೆಗೆದು, ನೀರು ಚೆಲ್ಲಿ ತೇಲಿಸಬೇಕು. ದೋಣಿಗೆ ನೀರು ಕುಡಿಸುವುದು ಎಂದು ನಾವು ಅದಕ್ಕೆ ಹೇಳುವುದು. ಗುರುವಾರ ಬೆಳಗ್ಗೆ ಎಂಟು ಜನ ಸೇರಿ ದೋಣಿಯನ್ನು ಏರಿಯ ಪಕ್ಕದ ಹೊಂಡಕ್ಕೆ ಇಳಿಸಿದೆವು. ಚಾಚಾ ನೀರಿನ ಪೀರ ಖ್ವಾಜಾ ಖಿಜರ್ ಹೆಸರಿನಲ್ಲಿ ಒಂದು ಹಿಡಿ ಬೆಲ್ಲದ ಅನ್ನ ನೀರಿಗೆ ಬಿಟ್ಟು, ದಂಡೆಯಲ್ಲಿ ಕಾವಲು ಕೂತ. ಬಾಣಂತಿಯ ಕೋಣೆ ಹೊರಗೆ ಕೂತ ಹಾಗೆ ಕೂತಿದ್ದ. ಶನಿವಾರ ಬೆಳಕು ಹರಿಯುವಷ್ಟರಲ್ಲಿ ದೋಣಿ ಸಿದ್ಧ.

ಶುಕ್ರವಾರ ಜುಮ್ಮಾ ನಮಾಜು ಮುಗಿದ ಹೊತ್ತಿಗೆ ತಪೇದಾರ ರಜಬ್ ಬಂದ. ಕಂದಾಯದ ಗುಮಾಸ್ತ, ವಡೇರೋನ ಬಾಲ. ಜೊತೆಗೆ ಪೊಲೀಸು, ಕೂಲಿಗಳು. ಹೊಂಡದಲ್ಲಿ ಕಲ್ಲು ಹೊತ್ತು ಮುಳುಗಿದ್ದ ದೋಣಿ ನೋಡಿ ಅವನ ಕಣ್ಣು ಅಗಲವಾಯಿತು.

"ಏನೋ ಮುದುಕಾ, ಸರ್ಕಾರಕ್ಕೆ ಸಿಗಬಾರ್ದು ಅಂತ ದೋಣಿ ಬಚ್ಚಿಟ್ಟಿದ್ದೀಯಾ?"

"ಬಚ್ಚಿಟ್ಟಿಲ್ಲ ಸಾಯೀಂ. ನೀರು ಕುಡೀತಾ ಇದೆ."

"ದೋಣಿನೋ, ಎಮ್ಮೆನೋ ಅದು?"

ಕೂಲಿಗಳು ನಕ್ಕರು. ಅವರು ಹೊಲದ ಜನ, ಅವರಿಗೇನು ಗೊತ್ತು. ಆದರೆ ತಪೇದಾರ ಈ ಕೆರೆಯ ದಂಡೆಯಲ್ಲೇ ಇಪ್ಪತ್ತು ವರ್ಷ ಸಂಬಳ ತಿಂದವನು.

"ನಾಳೆ ಬೆಳಗ್ಗೆ ತಯಾರಾಗುತ್ತೆ ಸಾಯೀಂ," ಚಾಚಾ ಕೈ ಮುಗಿದ. "ಮೊದ್ಲು ಮಗಳನ್ನ ದಾಟಿಸ್ತೀನಿ. ಒಂದೇ ಸಲ. ಆಮೇಲೆ ದೋಣಿ ನಿಮ್ದು, ನಾನೇ ಹುಟ್ಟು ಹಾಕ್ತೀನಿ."

"ಪರಿಹಾರದ ಗೋಧಿ ಸಾಗಿಸ್ಬೇಕು. ಆರ್ಡರ್ ಆಗಿದೆ. ಸಂಜೆ ಒಳಗೆ ವಾಪಸ್ ತಂದು ಬಿಡ್ತೀವಿ."

ಪರಿಹಾರದ ಗೋಧಿ! ಅದು ವಡೇರೋನ ಗೋದಾಮಿನ ಗೋಧಿ. ಸುಗ್ಗಿಯಿಂದ ಬೀಗ ಹಾಕಿ ಇಟ್ಟದ್ದು, ಬೆಲೆ ಇನ್ನೂ ಏರಲಿ ಎಂದು. ನಮ್ಮ ಕಡೆ ತಗ್ಗಿನಲ್ಲಿದ್ದ ಆ ಗೋದಾಮಿನ ಪಕ್ಕದಲ್ಲೇ ನಮ್ಮ ಹೆಂಗಸರು ಅಕ್ಕಿನುಚ್ಚಿನ ಗಂಜಿ ಕಾಯಿಸಿ ಮಕ್ಕಳನ್ನು ಮಲಗಿಸುತ್ತಿದ್ದರು.

ಭಾಗುಲ್ ನನ್ನ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಅಪ್ಪನ ಹಾಗಲ್ಲ ಅವಳು, ಬಾಯಿ ಇತ್ತು. "ಸಾಯೀಂ, ನನ್ನನ್ನೂ ಒಂದು ಮೂಟೆ ಅಂತ ಬರ್ಕೊಂಡುಬಿಡಿ. ತೂಕ ಹೆಚ್ಚುಕಡಿಮೆ ಅಷ್ಟೇ ಇದೀನಿ," ಎಂದಳು.

"ಹೆಂಗಸರಿಗೆ ಬೇರೆ ದೋಣಿ ಬರುತ್ತಮ್ಮ," ಎಂದ ತಪೇದಾರ.

"ಯಾವಾಗ? ಇವನು ಮೀಸೆ ತಿರುವೋ ಹೊತ್ತಿಗಾ?" ಎಂದು ಹೊಟ್ಟೆ ತಟ್ಟಿ ತೋರಿಸಿದಳು.

ತಪೇದಾರ ಕೂಲಿಗಳಿಗೆ ಕೈಸನ್ನೆ ಮಾಡಿದ. ಕೂಲಿಗಳು ಕಲ್ಲು ತೆಗೆದು ನೀರು ಚೆಲ್ಲಲು ಶುರು ಮಾಡಿದರು. ಚಾಚಾ ಅವನ ಹಿಂದೆ ಹಿಂದೆ ಹೋದ. "ಅರ್ಧ ಕುಡಿದ ದೋಣಿ ಸಾಯೀಂ, ನಡು ಸಂದು ಇನ್ನೂ ಬಾಯಿ ಮುಚ್ಚಿಲ್ಲ. ಹತ್ತು ಮೂಟೆ ಹೇರಿ, ಸಾಕು. ಹತ್ತೇ ಹತ್ತು."

"ನಮಗೆ ಪಾಠ ಹೇಳ್ಬೇಡ. ದೋಣಿ ಅಂದ್ಮೇಲೆ ತೇಲಲೇಬೇಕು."

ಎಪ್ಪತ್ತು ಮೂಟೆ ಹೇರಿದರು. ಸಂಜೆ ಕೂಲಿಗಳು ಎದೆಮಟ್ಟ ಒದ್ದೆಯಾಗಿ, ನಡೆದುಕೊಂಡು ವಾಪಸು ಬಂದರು. ಹೆದ್ದಾರಿ ಇನ್ನು ಕೂಗಳತೆ ದೂರ ಎನ್ನುವಾಗ ದೋಣಿಯ ನಡು ಬಾಯಿ ಬಿಟ್ಟಿತಂತೆ. ಹಳೆಯ ಕಾಲುವೆಯ ದಂಡೆಗೆ ಮೂತಿ ಒರಗಿಸಿ ಕೂತುಬಿಟ್ಟಿತಂತೆ. ಸದ್ಯ ಯಾರೂ ಸಾಯಲಿಲ್ಲ. ತಪೇದಾರ ಅಲ್ಲಿಂದ ಹಾಗೇ ಹೆದ್ದಾರಿ ಹತ್ತಿ ಹೋದನಂತೆ.

ಅಂಗಾರೋ ಚಾಚಾ ಸುದ್ದಿ ಕೇಳಿ ಸುಮ್ಮನೆ ಚಹಾ ಕುಡಿದ. ನನಗೆ ಮೈ ಉರಿಯುತ್ತಿತ್ತು. ಬೈಯೋ ಮಾರಾಯ, ಒಂದು ಸಲವಾದರೂ ಬಾಯಿ ತುಂಬ ಬೈಯಿ ಎಂದು ಒಳಗೇ ಕೂಗಿಕೊಂಡೆ. ಅವನು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ವಸಾಯೋ, ಬೆಂಚಿಂದ ಏಳು."

"ಯಾಕೆ ಚಾಚಾ?"

"ಅದು ಜುಮೋನ ದೋಣಿ ಬೆನ್ನು. ಇನ್ನೂ ತೇಲುತ್ತೆ."

ಶನಿವಾರ ಬೆಳಗಿನ ನಮಾಜು ಆದ ಕೂಡಲೇ ಮನೆಮನೆಗೆ ಹೋದೆವು. ಚಾಚಾ ಕದದ ಮೇಲೆ ಕೈ ಇಟ್ಟು, "ಅಮ್ಮಾಂ, ಇದು ಖಮೀಸೋನ ದೋಣಿಯ ಎಡಪಕ್ಕೆ, ವಾಪಸ್ ಕೊಡು" ಎನ್ನುವನು. ಯಾರೂ ಇಲ್ಲ ಎನ್ನಲಿಲ್ಲ. ಒಂದು ಗಂಟೆಯಲ್ಲಿ ಊರಿನ ಬಾಗಿಲುಗಳೆಲ್ಲ ಏರಿಯ ಮೇಲೆ ರಾಶಿ ಬಿದ್ದವು. ಹನ್ನೆರಡು ವರ್ಷ ಮನೆ ಕಾದ ಹಲಗೆಗಳನ್ನು ಪಕ್ಕಪಕ್ಕ ಇಟ್ಟು, ಅಡ್ಡಪಟ್ಟಿ ಹೊಡೆದು, ಹಗ್ಗದಲ್ಲಿ ಬಿಗಿದು, ಕೆಳಗೆ ಖಾಲಿ ಎಣ್ಣೆ ಡಬ್ಬ ಕಟ್ಟಿದೆವು. ಸೂರ್ಯ ನೆತ್ತಿಗೆ ಬರುವ ಮುಂಚೆ ತೆಪ್ಪ ಮುಗಿಯಿತು. ಒಂದು ಬಾಗಿಲಿನ ಚಿಲಕ ಹಾಗೇ ಉಳಿದಿತ್ತು. ಭಾಗುಲ್ ಅದನ್ನು ಹಿಡಿದುಕೊಂಡು ಕೂತಳು. ಸೂಲಗಿತ್ತಿ ಹಕೀಮಾಂ ದಾಯಿ, ಇಬ್ಬರು ಎಳೆ ಮಕ್ಕಳ ತಾಯಂದಿರು, ಅವರ ಮಕ್ಕಳು, ಇಷ್ಟು ಜನ ಮೊದಲ ಸುತ್ತಿಗೆ. ಚಾಚಾ ಹಿಂದೆ, ನಾನು ಮುಂದೆ, ಗಳ ಹಿಡಿದೆವು.

ಕಾಲು ಮೈಲಿ ಹೋಗಿರಲಿಲ್ಲ, ಹಿಂದೆ ಯಂತ್ರಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಏರಿಯ ಮೇಲೆ ಎರಡು ಹಳದಿ ಯಂತ್ರಗಳು ಮಣ್ಣು ಕೆಬರುತ್ತಿದ್ದವು.

"ಇವತ್ತು ಭಾನುವಾರಾನಾ?" ಎಂದು ಹಕೀಮಾಂ ದಾಯಿ ಗಾಬರಿಯಿಂದ ಕೇಳಿದಳು.

ಅಲ್ಲ. ಅದು ಶನಿವಾರ. ಕೂಗಿಸಲಿಲ್ಲ, ಹೇಳಲಿಲ್ಲ, ಸರ್ಕಾರಿ ದೋಣಿ ಒಂದೂ ಬರಲಿಲ್ಲ, ಹೋದವರೆಷ್ಟು ಉಳಿದವರೆಷ್ಟು ಎಂದು ಯಾರೂ ಬಂದು ನೋಡಲಿಲ್ಲ. ಶಹರದ ಕಡೆ ನೀರು ಒಂದು ಗೇಣು ಏರಿತಂತೆ, ಸಾಹೇಬರಿಗೆ ತಡೆಯಲಾಗಲಿಲ್ಲವಂತೆ. ನಮ್ಮ ದೋಣಿ ಹೊಂಡದಲ್ಲೇ ಇದ್ದಿದ್ದರೆ ಆ ಹೊತ್ತಿಗೆ ಊರಿನವರೆಲ್ಲ ಎರಡು ಸುತ್ತಿನಲ್ಲಿ ದಾಟಿ, ಹೆದ್ದಾರಿಯ ಮೇಲೆ ರೊಟ್ಟಿ ತಿನ್ನುತ್ತಿದ್ದೆವು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಕೈಗೆ ಸಿಕ್ಕಿದ್ದನ್ನು ಒಡೆಯಬೇಕು ಅನ್ನಿಸುತ್ತದೆ.

ನೀರು ಬಂತು. ಹಿಂದೆ ಉಳಿದವರು ಏರಿಯ ಉಳಿದ ತುಂಡಿಗೆ ಓಡಿದರು, ಎರಡು ದಿನ ಅಲ್ಲೇ ಇದ್ದರು. ನಮ್ಮ ತೆಪ್ಪ ಒಮ್ಮೆ ಸುತ್ತಿತು, ಎರಡು ಡಬ್ಬ ಕಳಚಿದವು. "ನೀರಿಗೆ ಎದುರು ಬೀಳ್ಬೇಡ, ಅದರ ಜೊತೆಗೇ ಹೋಗು," ಎಂದು ಚಾಚಾ ಕೂಗಿದ. ಅವನ ಗಳ ಎಲ್ಲಿ ಊರಬೇಕೋ ಅಲ್ಲೇ ಊರುತ್ತಿತ್ತು. ಹಳೆಯ ಕಾಲುವೆಯ ಹತ್ತಿರ ನಮ್ಮ ದೋಣಿ ಕಾಣಿಸಿತು. ಮೂತಿ ದಂಡೆಯ ಮೇಲೆ, ಮುಂದಿನ ಮೂಟೆಗಳು ನೀರಿನ ಮೇಲೆ. ತೆಪ್ಪದ ಮೇಲೆಯೇ ಶುರುವಾಗಿದ್ದ ಹೆರಿಗೆ ನೋವಿನ ನಡುವೆಯೂ ಭಾಗುಲ್ ನಕ್ಕಳು. "ನೋಡು ಬಾಬಾ, ವಡೇರೋನ ಗೋಧಿ ತಿಂದು ಹೊಟ್ಟೆ ಒಡ್ಕೊಂಡಿದೆ."

ಹೆದ್ದಾರಿ ಮುಟ್ಟಿದೆವು. ಮಗಳನ್ನು ಎತ್ತಿ ಡಾಂಬರಿನ ಮೇಲೆ ಮಲಗಿಸಿದಾಗ ಚಾಚಾನ ಮುಖದಲ್ಲಿ ಒಂದು ಗಳಿಗೆ ಗೆಲುವು ಕಂಡೆ. ನೀರಿನವನು ನೀರಿನ ಕೆಲಸ ಮುಗಿಸಿದ್ದ. ಇನ್ನು ಉಳಿದದ್ದು ರಸ್ತೆಯ ಕೆಲಸ, ಅದು ನೆಲದವರದು.

ಮಧ್ಯಾಹ್ನ, ಎರಡು ಕೌದಿಗಳ ಮರೆಯಲ್ಲಿ, ಹೆಣ್ಣು ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಹಕೀಮಾಂ ದಾಯಿ ನೂರಾರು ಹೆರಿಗೆ ಮಾಡಿಸಿದವಳು, ನನ್ನನ್ನು ಆಚೆ ಕರೆದು, "ಇದು ನನ್ನ ಕೈ ಮೀರಿದ್ದು. ಗಾಡಿ ತರ್ಸು," ಎಂದಳು. ಆಸ್ಪತ್ರೆ ಆರು ಮೈಲಿ. ಆಂಬುಲೆನ್ಸಿನವನಿಗೆ ಫೋನು ಮಾಡಿದೆ.

"ಗಾಡಿ ಇದೆ ಅಣ್ಣ, ಪೆಟ್ರೋಲ್ ಇಲ್ಲ. ಮೇಲಿಂದ ದುಡ್ಡು ಬಂದು ಎರಡು ತಿಂಗಳಾಯ್ತು. ಡಬ್ಬದಲ್ಲಿ ತಂದು ಹಾಕಿದ್ರೆ ಈಗ್ಲೇ ಹೊರಡ್ತೀನಿ."

ಸಾಲ ಕೊಡುವ ಪರದೇಶದ ಸಾಹೇಬರು ಪೆಟ್ರೋಲಿನ ದರ ಏರಿಸಿ ಎಂದರಂತೆ, ನಮ್ಮವರು ಏರಿಸಿದರಂತೆ, ಹೀಗೆ ನನ್ನ ಅಂಗಡಿಯಲ್ಲಿ ಜನ ಮಾತಾಡುವುದನ್ನು ಕೇಳಿದ್ದೆ. ಆ ಮಾತು ಹೆದ್ದಾರಿಯ ಮೇಲೆ ಮಲಗಿದ ಭಾಗುಲ್‌ಳನ್ನು ಹುಡುಕಿಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನಾನು ಖಾಲಿ ಡಬ್ಬ ಹಿಡಿದು ಬಂಕಿಗೆ ಓಡಿದೆ.

ನಾನಿಲ್ಲದಾಗ ಮೂರು ಪಿಕಪ್ ಗಾಡಿಗಳು ಬಂದವಂತೆ, ವಡೇರೋನವು. ಚಾಚಾ ಎರಡೂ ಕೈ ಎತ್ತಿ ರಸ್ತೆಯ ನಡುವೆ ನಿಂತನಂತೆ. ಮೊದಲ ಗಾಡಿಯವನು ಪಕ್ಕಕ್ಕೆ ಹೊರಳಿಸಿ, ಕಿಟಕಿಯಿಂದ ಕೂಗಿ ಹೇಳಿದನಂತೆ: "ಗೋಧಿ ತೆಗೀಬೇಕು ಚಾಚಾ! ನೆಂದ್ರೆ ಮೊಳಕೆ ಬರುತ್ತೆ!" ಉಳಿದ ಎರಡೂ ಅದರ ಹಿಂದೆಯೇ ಹೋದವಂತೆ. ನೀರು ಏರಿದ್ದರಿಂದ ದೋಣಿಯ ಹತ್ತಿರ ಹೋಗಲಾಗದೆ ಅರ್ಧ ಗಂಟೆಯಲ್ಲಿ ಖಾಲಿ ವಾಪಸು ಬಂದವು. ಆಗಲೂ ನಿಲ್ಲಲಿಲ್ಲ.

ಆಂಬುಲೆನ್ಸಿಗೆ ಪೆಟ್ರೋಲು ಕಳಿಸಿ ನಾನು ವಾಪಸು ಬಂದಾಗ ಭಾಗುಲ್‌ಗೆ ಇನ್ನೂ ಎಚ್ಚರವಿತ್ತು. ಅಪ್ಪನ ಅಂಗಿ ಹಿಡಿದುಕೊಂಡು, "ಇವತ್ತು ಯಾವ ವಾರ ಬಾಬಾ?" ಎಂದು ಕೇಳಿದಳು.

"ಛಂಛರ್, ಮಗಾ." ನಮ್ಮ ಮಾತಿನಲ್ಲಿ ಶನಿವಾರಕ್ಕೆ ಹಾಗೇ ಹೇಳುವುದು.

"ಹಾಗಾದ್ರೆ ಹೆಸರು ಹುಡ್ಕೋ ಕೆಲಸ ತಪ್ತು. ಛಂಛರಿ."

ಇಳಿಬಿಸಿಲಿನ ಮೂರನೇ ನಮಾಜಿನ ಹೊತ್ತಿಗೆ ಅವಳು ಹೋದಳು. ಆಂಬುಲೆನ್ಸು ಅವಳು ತಣ್ಣಗಾದ ಮೇಲೆ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಪ್ರವಾಹ ಕೊಂದಿತು ಎಂದು ಹೇಳುವವರ ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಪ್ರವಾಹವನ್ನು ಅವಳು ದಾಟಿದ್ದಳು.

ವಾರ ಕಳೆಯುವುದರೊಳಗೆ ಹೆದ್ದಾರಿಯ ಮೇಲಿನ ನಮ್ಮ ಡೇರೆಗೆ ಪೊಲೀಸು ಕೇಸಿನ ಕಾಗದ ತಂದ. ಎಪ್ಪತ್ತು ಮೂಟೆ ಪರಿಹಾರದ ಗೋಧಿ ನಷ್ಟ. ಸರ್ಕಾರದ ವಶದಲ್ಲಿದ್ದ ದೋಣಿಗೆ ಆರೋಪಿ ಮೊದಲೇ ಕಲ್ಲು ಹೇರಿ ಮುಳುಗಿಸಲು ಯತ್ನಿಸಿದ್ದನ್ನು ತಪೇದಾರರು ಕಣ್ಣಾರೆ ಕಂಡಿದ್ದಾರೆ. ಮೇಲಾಗಿ ಆ ವರ್ಷ ದೋಣಿಗೆ ಎಣ್ಣೆಯನ್ನೂ ಹಚ್ಚಿರಲಿಲ್ಲ. ಎಣ್ಣೆಯ ವಿಷಯ ಅವರಿಗೆ ಯಾರು ಹೇಳಿದರೋ. ಬಹುಶಃ ನಾನು ಮಾಡಿದ ತಮಾಷೆಯೇ ಬಾಯಿಂದ ಬಾಯಿಗೆ ಹೋಗಿರಬೇಕು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ದೋಣಿ ಮುದ್ದೆಮಾಲಾಯಿತು. ದಂಡೆಯ ಮೇಲೆ ಒಬ್ಬ ಪೊಲೀಸನ್ನು ಕಾವಲಿಟ್ಟರು. ಮೂತಿಯ ಮೂಟೆಗಳಲ್ಲಿ ಹತ್ತು ದಿನದಲ್ಲಿ ಹಸಿರು ಮೊಳಕೆ ಎದ್ದಿತು, ಗೋಣಿ ಹರಿದುಕೊಂಡು ಗೇಣುದ್ದ ಬೆಳೆಯಿತು. ಹೆದ್ದಾರಿಯ ಮೇಲೆ ನಾವು ಒಂದು ಹಿಡಿ ಹಿಟ್ಟಿಗೆ ಸಾಲು ನಿಂತು ಅದನ್ನು ನೋಡುತ್ತಿದ್ದೆವು. ಮೇಕೆ ಮೇಯಿಸಲು ಹೋದ ಹುಡುಗಿಯನ್ನು ಪೊಲೀಸು ಓಡಿಸಿದ. ಸಾಕ್ಷಿಯಂತೆ ಅದು, ಮುಟ್ಟಬಾರದಂತೆ.

ಚಳಿ ಶುರುವಾಗುವ ಹೊತ್ತಿಗೆ ಅಲ್ಲಿ ನೀರು ಇಳಿಯಿತು. ದೋಣಿ ಒಣ ದಂಡೆಯ ಮೇಲೆ ಉಳಿದು ಮತ್ತೆ ಬಿರುಕು ಬಿಡತೊಡಗಿತು. ಚಾಚಾ ದಿನಾ ಒಂದು ಬಕೆಟ್ ನೀರು ಹೊತ್ತು ಹೋಗಿ, "ಸ್ವಲ್ಪ ಸುರೀತೀನಿ ಸಾಯೀಂ, ಪಾಪ ಒಣಗ್ತಿದೆ," ಎಂದು ಪೊಲೀಸನ್ನು ಬೇಡುವನು. ಅವನು ಒಮ್ಮೊಮ್ಮೆ ಆಚೆ ಮುಖ ಮಾಡಿ ನಿಲ್ಲುವನು. ತಗ್ಗಿನ ಊರುಗಳಲ್ಲಿ ಇನ್ನೂ ನೀರಿತ್ತು. ದೋಣಿ ಇದ್ದವನಿಗೆ ದಿನವೂ ಕೆಲಸ, ಕೂಸಿಗೆ ಹಾಲು. ಸೂಮರ್ ಕರಾಚಿಯಿಂದ ಬಂದು ಸುಮ್ಮನೆ ಕೂತಿದ್ದ, ಮಾವ ಅಳಿಯ ಇಬ್ಬರಿಗೂ ಆ ದೋಣಿಯೊಂದು ಸಿಕ್ಕಿದ್ದರೆ ಸಾಕಿತ್ತು.

ಆಗ ತಪೇದಾರ ಕರೆ ಕಳಿಸಿದ. ಚಾಚಾ ಕೂಸನ್ನು ಎತ್ತಿಕೊಂಡು, ಓದಲು ನನ್ನನ್ನು ಕರೆದುಕೊಂಡು ಕಚೇರಿಗೆ ಹೋದ. ಹೊರಗೆ ಹಿಟ್ಟಿನ ಚೀಟಿಗಾಗಿ ನಮ್ಮ ಊರಿನ ಹೆಂಗಸರ ಸಾಲು. ತಪೇದಾರ ಕುರ್ಚಿ ತೋರಿಸಿದ, ಚಹಾ ತರಿಸಿದ. ಆಗಲೇ ನನಗೆ ಅನುಮಾನ ಬಂತು.

"ನೋಡು ಮಿಸ್ತ್ರಿ, ನಾವೂ ಮನುಷ್ಯರೇ. ಈ ಕಾಗದಕ್ಕೆ ಒಂದು ಹೆಬ್ಬೆಟ್ಟು ಒತ್ತು. ಕೇಸು ವಾಪಸ್, ಇವತ್ತೇ ದೋಣಿ ತಗೊಂಡು ಹೋಗು."

ನಾನು ಓದಿದೆ. "ಮೊದಲೇ ತಿಳಿಸಿದಂತೆ ಏರಿಯನ್ನು ಭಾನುವಾರ ಮಧ್ಯಾಹ್ನ ಕಡಿಯಲಾಯಿತು. ಅದಕ್ಕೆ ಮುಂಚೆಯೇ ನಮ್ಮನ್ನೆಲ್ಲ ಸರ್ಕಾರಿ ದೋಣಿಗಳಲ್ಲಿ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಗಿತ್ತು. ನನ್ನ ಮಗಳು ಆನಂತರ ಹೆರಿಗೆಯಲ್ಲಿ ಸಹಜವಾಗಿ ತೀರಿಕೊಂಡಳು. ನನಗೆ ಯಾರ ಮೇಲೂ ದೂರಿಲ್ಲ."

ಚಾಚಾ ಶಾಯಿಯ ಡಬ್ಬಿಯನ್ನೇ ನೋಡುತ್ತಿದ್ದ. ಅವನು ಒತ್ತಿದ್ದರೆ ನಾನು ತಪ್ಪು ಎನ್ನುತ್ತಿರಲಿಲ್ಲ. ಹಸಿದ ಕೂಸು ತೊಡೆಯ ಮೇಲಿತ್ತು. ಅವನು ಡಬ್ಬಿಯ ಮುಚ್ಚಳ ತೆರೆದ. ಹೆಬ್ಬೆರಳು ಅದ್ದಿದ. ಆಮೇಲೆ ನನ್ನ ಕಡೆ ತಿರುಗಿದ.

"ಯಾವ ವಾರ ಅಂತ ಬರ್ದಿದೆ ಅಂದೆ?"

"ಭಾನುವಾರ, ಚಾಚಾ."

"ಅದೇನು ವಾರ ಹಿಡ್ಕೊಂಡು ಜಗ್ತೀಯ," ತಪೇದಾರನಿಗೆ ಸಿಡುಕು ಬಂತು. "ಒಂದು ದಿನ ಆಚೆ ಈಚೆ. ಒತ್ತು."

"ಸಾಯೀಂ, ಈ ಕೂಸು ನಾವು ಹೆದ್ದಾರಿ ಮುಟ್ಟಿದ ದಿನ ಹುಟ್ಟಿದ್ದು. ಇವಳ ಹೆಸರು ಗೊತ್ತಾ ನಿಮಗೆ?"

"ನನಗೇನು ಗೊತ್ತು?"

"ಛಂಛರಿ."

ತಪೇದಾರನೂ ಈ ಸೀಮೆಯವನೇ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನಕ್ಕ. "ಹೆಸರು ತಾನೇ? ಬದಲಾಯ್ಸಿದ್ರಾಯ್ತು. ಭಾನುವಾರದ್ದು ಇಡು. ಆಚರಿ ಅಂತ ಕರಿ, ಚೆನ್ನಾಗೇ ಇದೆ."

ಚಾಚಾ ಶಾಯಿ ಬೆರಳನ್ನು ತನ್ನದೇ ಅಂಗಿಗೆ ಒರೆಸಿಕೊಂಡ, ಡಬ್ಬಿಯ ಮುಚ್ಚಳ ಹಾಕಿದ. ಸಿಟ್ಟಿನಿಂದ ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇವಳಮ್ಮ ಸಾಯೋ ಮುಂಚೆ ಇಟ್ಟ ಹೆಸರು ಇದು. ಒಣಗಿದ ದೋಣಿಗೆ ಎರಡು ದಿನ ನೀರು ಕುಡಿಸಿದ್ರೆ ಮತ್ತೆ ತೇಲುತ್ತೆ ಸಾಯೀಂ. ಸುಳ್ಳು ಹೆಸರಿಗೆ ನಾನು ಏನು ಕುಡಿಸ್ಲಿ? ಒಣಗಲಿ ಬಿಡಿ ಆ ದೋಣಿ."

ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಕಚೇರಿಯ ಮೆಟ್ಟಿಲ ಮೇಲೆ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, "ನಡಿಯೇ ಛಂಛರಿ, ಮನೆಗೆ ಹೋಗೋಣ," ಎಂದ. ಹಿಂದೆಯೇ ತಪೇದಾರ ಬಾಗಿಲಿಗೆ ಬಂದು, "ಅವನ ಮಾತು ಕೇಳ್ಬೇಡಿ, ಅದು ಭಾನುವಾರ!" ಎಂದು ಕಿರುಚಿದ.

ಸಾಲಿನ ನಡುವೆ ನಿಂತಿದ್ದ ಹಕೀಮಾಂ ದಾಯಿ ಕೈಯಲ್ಲಿದ್ದ ಹಿಟ್ಟಿನ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿದಳು.

"ಶನಿವಾರ," ಎಂದಳು. "ಹೊಕ್ಕುಳಬಳ್ಳಿ ಕೊಯ್ದೋಳು ನಾನು."